ಬೈಕ್ ಹೆಸರಲ್ಲಿರೋ ನಂಬರೇ ಬೇರೆ, ಇಂಜಿನ್ ಸಿಸಿನೇ ಬೇರೆ

ಕೆಟಿಎಂ 390 ಡ್ಯೂಕ್ ತಗೊಳ್ಳಿ. 2013ರಲ್ಲಿ ಬಂದಾಗ ಅದರ ಇಂಜಿನ್ 373 ಸಿಸಿ, 2023ರಲ್ಲಿ ಹೊಸ ಇಂಜಿನ್ ಕೂರಿಸಿದ್ರು, ಅದು 399 ಸಿಸಿ. ಹೆಸರು ಮಾತ್ರ ಆಗಲೂ 390, ಈಗಲೂ 390. ಅಂದ್ರೆ ಹತ್ತು ವರ್ಷ ಇದ್ದಿದ್ದಕ್ಕಿಂತ ಜಾಸ್ತಿ ಹೇಳ್ಕೊಂಡು ಓಡಾಡ್ತು, ಈಗ ಇರೋದಕ್ಕಿಂತ ಕಮ್ಮಿ ಹೇಳ್ಕೊಂಡು ಓಡಾಡ್ತಿದೆ, ಸರಿಯಾಗಿ 390 ಸಿಸಿ ಅಂತೂ ಯಾವತ್ತೂ ಆಗಿಲ್ಲ. ಇನ್ನೂ ಮಜಾ ಅಂದ್ರೆ ಅದೇ 373 ಸಿಸಿ ಇಂಜಿನ್ ಆಧಾರದ ಮೇಲೆ ಬಜಾಜ್ ಡಾಮಿನರ್ ಮಾಡಿದಾಗ ಅದಕ್ಕಿಟ್ಟ ಹೆಸರು 400.

ಇದು ಮೋಸನಾ? ಅಲ್ಲ. ಹೆಸರಲ್ಲಿರೋ ನಂಬರು ಆ ಬೈಕು ಯಾವ ಕ್ಲಾಸಿಗೆ ಸೇರುತ್ತೆ, ಕಂಪನಿಯ ಸಾಲಲ್ಲಿ ಎಷ್ಟನೇ ಮೆಟ್ಟಿಲಲ್ಲಿ ನಿಂತಿದೆ ಅಂತ ಹೇಳೋಕೆ ಇರೋದು, ಅದು ಅಳತೆ ಅಲ್ಲ. ಅಳತೆ ಬೇರೆ ಕಡೆ ಇರುತ್ತೆ, ಸ್ಪೆಕ್ ಶೀಟಲ್ಲಿ ಡಿಸ್‌ಪ್ಲೇಸ್‌ಮೆಂಟ್ ಅಂತ ಒಂದು ಸಾಲು.

ಸಿಸಿ ಅಂದ್ರೆ ಕ್ಯೂಬಿಕ್ ಸೆಂಟಿಮೀಟರ್, ಘನ ಸೆಂಟಿಮೀಟರ್. ಸಿರಿಂಜ್ ಒಳಗೆ ಪ್ಲಂಜರ್ ಎಳೆದಾಗ ಎಷ್ಟು ಜಾಗ ಆಗುತ್ತೋ ಹಂಗೆ, ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಬರೋವಾಗ ಸಿಲಿಂಡರಲ್ಲಿ ಬಿಟ್ಟುಕೊಡೋ ಜಾಗ ಎಷ್ಟು ಅನ್ನೋದೇ ಆ ಲೆಕ್ಕ. ಸಿಲಿಂಡರ್ ಎಷ್ಟು ಅಗಲ ಅನ್ನೋದು ಬೋರ್, ಪಿಸ್ಟನ್ ಎಷ್ಟು ದೂರ ಓಡಾಡುತ್ತೆ ಅನ್ನೋದು ಸ್ಟ್ರೋಕ್. ರಾಯಲ್ ಎನ್‌ಫೀಲ್ಡ್‌ನ ಈಗಿನ ಕ್ಲಾಸಿಕ್ 350ರಲ್ಲಿ ಬೋರ್ 72 ಮಿಲಿಮೀಟರ್, ಸ್ಟ್ರೋಕ್ 85.8. ಬೋರಿನ ಅರ್ಧ 36, ಅದರ ವರ್ಗಕ್ಕೆ ಪೈ ಗುಣಿಸಿ, ಆಮೇಲೆ 85.8 ಗುಣಿಸಿ, ಸಾವಿರದಿಂದ ಭಾಗಿಸಿದ್ರೆ 349 ಚಿಲ್ಲರೆ ಬರುತ್ತೆ. ಒಂದಕ್ಕಿಂತ ಜಾಸ್ತಿ ಸಿಲಿಂಡರ್ ಇದ್ರೆ ಅಷ್ಟರಿಂದ ಗುಣಿಸ್ಬೇಕು, ಅದೇ ಕಂಪನಿಯ 650 ಟ್ವಿನ್‌ಗೆ 78 ಬೋರ್, 67.8 ಸ್ಟ್ರೋಕ್, ಎರಡು ಸಿಲಿಂಡರ್, ಒಟ್ಟು 648.

ಗಮನಿಸಿ, ಲೆಕ್ಕದಲ್ಲಿ ಪೈ ಇದೆ. ಪೈ ಇದ್ದ ಕಡೆ ದುಂಡಗಿನ ಸಂಖ್ಯೆ ಬರೋದೇ ಅಪರೂಪ. ಇಂಜಿನಿಯರ್ ಕೂತ್ಕೊಂಡು ಬೋರ್ ಎಷ್ಟು, ಸ್ಟ್ರೋಕ್ ಎಷ್ಟು, ಎಷ್ಟು ಆರ್‌ಪಿಎಂ ತನಕ ತಿರುಗಿಸ್ಬಹುದು, ಹಳೇ ಇಂಜಿನ್ನಿಂದ ಯಾವ ಪಾರ್ಟ್ ಉಳಿಸ್ಕೋಬಹುದು ಅಂತೆಲ್ಲಾ ನೋಡಿ ತೀರ್ಮಾನ ಮಾಡ್ತಾರೆ, ಅದರಿಂದ ಬರೋ ಸಿಸಿ 296 ಆಗ್ಬಹುದು 471 ಆಗ್ಬಹುದು. ಆದ್ರೆ ಟ್ಯಾಂಕಿನ ಮೇಲೆ 471 ಅಂತ ಸ್ಟಿಕರ್ ಅಂಟಿಸಿದ್ರೆ ಯಾರ ನಾಲಿಗೆ ಮೇಲೂ ನಿಲ್ಲಲ್ಲ. ಹಂಗಾಗಿ ಕವಾಸಾಕಿಯ 296 ನಿಂಜಾ 300 ಆಯ್ತು, ಹೋಂಡಾದ 471 ಸಿಬಿ500 ಆಯ್ತು, 1969ರಲ್ಲಿ ಬಂದ ಹೋಂಡಾ ಸಿಬಿ750ನ ಇಂಜಿನ್ ಕೂಡ 736 ಸಿಸಿನೇ. ಇದು ಇವತ್ತಿನ ಕಥೆ ಅಲ್ಲ ಅಂತ ಹೇಳೋಕೆ ಇಷ್ಟು ಸಾಕು.

ಸರಿ, ದುಂಡಗೆ ಮಾಡ್ತಾರೆ ಅನ್ನೋಣ, ಆದ್ರೆ ಯಾಕೆ ಹೆಚ್ಚಿನ ಬೈಕುಗಳು ಒಂದೆರಡು ಸಿಸಿ ಕೆಳಗೇ ನಿಲ್ಲುತ್ತೆ, 249, 349, 399, 599, 998 ಅಂತ? ಇಲ್ಲಿ ಕಾರಣ ಇಂಜಿನ್ ಒಳಗಿಲ್ಲ, ರೂಲ್ ಬುಕ್ಕಲ್ಲಿದೆ. ರೇಸಿಂಗ್ ಕ್ಲಾಸುಗಳು ಮೊದಲಿಂದಲೂ 125, 250, 350, 500 ಅಂತ ಗರಿಷ್ಠ ಮಿತಿ ಹಾಕ್ಕೊಂಡು ಬಂದಿವೆ, ಮಿತಿಗಿಂತ ಅರ್ಧ ಸಿಸಿ ಜಾಸ್ತಿ ಆದ್ರೂ ನೀವು ಆ ಕ್ಲಾಸಿಂದ ಔಟ್. ಲೈಸೆನ್ಸು ಟ್ಯಾಕ್ಸಿನದ್ದೂ ಅದೇ ಕಥೆ. ಜಪಾನಲ್ಲಿ 400 ಸಿಸಿ ದಾಟಿದ್ರೆ ದೊಡ್ಡ ಬೈಕಿನ ಬೇರೆ ಲೈಸೆನ್ಸ್ ಬೇಕು, 250 ದಾಟಿದ್ರೆ ಕಾಲಕಾಲಕ್ಕೆ ಕಡ್ಡಾಯ ತಪಾಸಣೆ ಇದೆ. ಭಾರತದಲ್ಲಿ ಜಿಎಸ್‌ಟಿ ದರ ಬದಲಾಗೋ ಗೆರೆ 350 ಸಿಸಿ. ಹಂಗಿರೋವಾಗ ಯಾವ ಕಂಪನಿ ತಾನೇ 351 ಸಿಸಿ ಇಂಜಿನ್ ಮಾಡುತ್ತೆ? ಗೆರೆಗೆ ಎಷ್ಟು ಹತ್ತಿರ ಹೋಗ್ಬಹುದೋ ಅಷ್ಟು ಹೋಗಿ ನಿಲ್ಲೋದು, ಹೆಸರು ಮಾತ್ರ ಗೆರೆಯದ್ದೇ ಇಟ್ಕೊಳ್ಳೋದು.

ಯುರೋಪಲ್ಲಿ ಇನ್ನೊಂಥರ. ಅಲ್ಲಿನ ಎ2 ಲೈಸೆನ್ಸ್, ಅಂದ್ರೆ ಮಧ್ಯಮ ದರ್ಜೆ ಬೈಕಿನ ಲೈಸೆನ್ಸ್, ಸಿಸಿ ಕೇಳಲ್ಲ, ಪವರ್ ಕೇಳುತ್ತೆ, 35 ಕಿಲೋವಾಟ್ ಒಳಗಿರ್ಬೇಕು. ಹೋಂಡಾದ ಆ 471 ಸಿಸಿ ಇಂಜಿನ್ ಆ ಮಿತಿಗೆ ಸರಿಯಾಗಿ ಕೂರುತ್ತೆ, ಪೂರ್ತಿ 500 ತುಂಬಿಸಿ ಅಲ್ಲಿ ಗಿಟ್ಟೋದೇನಿಲ್ಲ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ತಲೆ ಕೆಡಿಸೋ ಕೇಸಿಗೆ ಬರೋಣ, ಬಿಎಂಡಬ್ಲ್ಯೂ. ಮೊದಲು ಅವರ ಹತ್ರ ಎಫ್650 ಜಿಎಸ್ ಇತ್ತು, ಒಂದು ಸಿಲಿಂಡರ್, 652 ಸಿಸಿ, ಅಲ್ಲಿಗೆ ಹೆಸರು ಸರಿಯಾಗೇ ಇತ್ತು. 2008ರಲ್ಲಿ ಈ ಸಾಲಿಗೆ ಎರಡು ಸಿಲಿಂಡರಿನ ಇಂಜಿನ್ ತಂದ್ರು, 798 ಸಿಸಿ, ಅದನ್ನ ಎಫ್800 ಜಿಎಸ್‌ಗೆ ಹಾಕಿದ್ರು, ಜೊತೆಗೆ ಅದೇ 798 ಸಿಸಿ ಇಂಜಿನ್ನನ್ನ ಪವರ್ ಇಳಿಸಿ ಇನ್ನೊಂದು ಬೈಕಿಗೂ ಹಾಕಿ ಅದಕ್ಕೆ ಎಫ್650 ಜಿಎಸ್ ಅಂತಲೇ ಕರೆದ್ರು! ಆಮೇಲೆ ಅದು ಎಫ್700 ಜಿಎಸ್ ಆಯ್ತು, ಇಂಜಿನ್ ಇನ್ನೂ 798. ಮುಂದಿನ ಪೀಳಿಗೆಯಲ್ಲಿ ಎಫ್750, ಎಫ್850, ಎರಡಕ್ಕೂ 853 ಸಿಸಿ, ಪವರ್ 77 ಮತ್ತು 95 ಎಚ್‌ಪಿ. ಈಗಿನದ್ದು ಎಫ್800, ಎಫ್900, ಎರಡೂ 895. ಅಂದ್ರೆ ಎಫ್800 ಜಿಎಸ್ ಅನ್ನೋ ಒಂದೇ ಹೆಸರಲ್ಲಿ 798 ಸಿಸಿ ಬೈಕೂ ಇದೆ, 895 ಸಿಸಿ ಬೈಕೂ ಇದೆ, ಹಳೇದು ಅಣ್ಣನ ಜಾಗದಲ್ಲಿತ್ತು, ಹೊಸದು ತಮ್ಮನ ಜಾಗದಲ್ಲಿದೆ. ಇಲ್ಲಿ ನಂಬರ್ ಹೇಳ್ತಿರೋದು ಪವರ್ ಮತ್ತು ಸ್ಥಾನ, ಒಂದೇ ಇಂಜಿನ್ನಿನ ಎರಡು ಬೈಕಿಗೂ ಒಂದೇ ನಂಬರ್ ಕೊಟ್ರೆ ಗಿರಾಕಿಗೆ ಯಾವುದು ದೊಡ್ಡದು ಅಂತ ಹೆಂಗೆ ಗೊತ್ತಾಗ್ಬೇಕು ಅನ್ನೋದು ಅವರ ಲೆಕ್ಕಾಚಾರ ಇರ್ಬೇಕು.

ಡುಕಾಟಿಯವರ ಸಮಸ್ಯೆ ಬೇರೆ. ಅವರು ಒಂದು ಕಾಲದಲ್ಲಿ ಪಕ್ಕಾ ಪ್ರಾಮಾಣಿಕರು, 916 ಅಂದ್ರೆ 916 ಸಿಸಿ, 748 ಅಂದ್ರೆ 748. ಆಮೇಲೆ ಪೂರ್ತಿ ಹೊಸ ಡಿಸೈನ್ ಬಂತು, ಸಿಸಿ ಮಾತ್ರ ಅಲ್ಲಲ್ಲೇ ಇತ್ತು, ಹೊಸ ಬೈಕಿಗೆ ಹಳೇ ಹೆಸರಿಡೋಕಾಗುತ್ತಾ, ಅದಕ್ಕೆ 748 ಹೋಗಿ 749 ಬಂತು, 998 ಹೋಗಿ 999 ಬಂತು, ಒಳಗೆ ನೋಡಿದ್ರೆ ಮತ್ತೆ 748, 998 ಸಿಸಿಗಳೇ. ಅಲ್ಲಿಂದ ಮುಂದೆ ಲಗಾಮು ಸ್ವಲ್ಪ ಸಡಿಲ ಆಯ್ತು ಅನ್ಸುತ್ತೆ, 1299 ಪನಿಗಾಲೆ ಇಂಜಿನ್ 1285 ಸಿಸಿ. ಸುಜುಕಿದೂ ಹಂಗೇ, ವಿ-ಸ್ಟ್ರಾಮ್ 1000 ಹೊಸ ರೂಪದಲ್ಲಿ ಬಂದಾಗ 1050 ಆಯ್ತು, ಇಂಜಿನ್ ಎರಡರಲ್ಲೂ 1037. ಹಯಬುಸಾ ಉಲ್ಟಾ, 2008ರಲ್ಲಿ 1299ರಿಂದ 1340 ಸಿಸಿಗೆ ಬೆಳೆದ್ರೂ ಮಾಡೆಲ್ ಕೋಡ್ ಜಿಎಸ್‌ಎಕ್ಸ್1300ಆರ್ ಆಗೇ ಉಳೀತು.

ಯಮಹಾ ಆರ್15 ಕೂಡ ಅದೇ ಜಾತಿ. ಶುರುವಲ್ಲಿ 150ಕ್ಕೆ ಸ್ವಲ್ಪ ಕಮ್ಮಿ, ಈಗ 155, ಆದ್ರೆ ಅಷ್ಟು ಹೆಸರು ಮಾಡಿರೋ ಬೈಕನ್ನ ಆರ್15.5 ಅಂತ ಯಾರು ಕರೀತಾರೆ. ಯಮಹಾದವರ ಪದ್ಧತಿಯೇ ವಿಚಿತ್ರ ಬಿಡಿ, ಆರ್15ರಲ್ಲಿ ಒಂದು ಸೊನ್ನೆ ಸೇರಿಸ್ಕೋಬೇಕು, ಆರ್3, ಆರ್6ರಲ್ಲಿ ಎರಡು ಸೇರಿಸ್ಕೋಬೇಕು, ಆರ್1ರಲ್ಲಿ ಮೂರು ಸೇರಿಸ್ಕೋಬೇಕು. ಅಷ್ಟು ಮಾಡಿದ್ರೂ ಆರ್3ಯಲ್ಲಿರೋದು 321, ಆರ್7ನಲ್ಲಿರೋದು 689.

ಕೆಟಿಎಂ ವಿಷಯಕ್ಕೆ ಇನ್ನೊಂದ್ಸಲ ಬಂದ್ರೆ, ಅವರಿಗೆ 90ರ ಮೇಲೆ ಏನೋ ವ್ಯಾಮೋಹ. 790ರಲ್ಲಿ 799, 890ರಲ್ಲಿ 889, ಈಗಿನ 990 ಡ್ಯೂಕಲ್ಲಿ 947, 1290 ಸೂಪರ್ ಡ್ಯೂಕಲ್ಲಿ 1301, 1390ರಲ್ಲಿ 1350. ಕೆಲವು ಮೇಲೆ ಕೆಲವು ಕೆಳಗೆ, ಸೂತ್ರ ಹುಡುಕೋಕೆ ಹೋಗ್ಬೇಡಿ.

ಇನ್ನು ಕೆಲವು ನಂಬರುಗಳಿಗೂ ಸಿಸಿಗೂ ಸಂಬಂಧವೇ ಇಲ್ಲ. ಟ್ರಯಂಫ್‌ನ 1939ರ ಟೈಗರ್ 100 (ಟಿ100) ಅಂದ್ರೆ ಗಂಟೆಗೆ 100 ಮೈಲಿ ಓಡುತ್ತೆ ಅನ್ನೋ ಹೇಳಿಕೆ, ಇಂಜಿನ್ 500 ಸಿಸಿದು. 1959ರ ಬಾನವಿಲ್ ಟಿ120 ಅಂದ್ರೆ 120 ಮೈಲಿ, ಇಂಜಿನ್ 650 ಕ್ಲಾಸು. ಆ ಹೆಸರುಗಳನ್ನ ಇವತ್ತಿಗೂ ಉಳಿಸ್ಕೊಂಡಿದ್ದಾರೆ, ಈಗಿನ ಟಿ120 ಇಂಜಿನ್ 1200 ಸಿಸಿ ಆಗಿರೋದ್ರಿಂದ ಜನ ಓಹೋ ಒಂದು ಸೊನ್ನೆ ಬಿಟ್ಟಿದ್ದಾರೆ ಅನ್ಕೊಳ್ತಾರೆ, ಹಂಗಾದ್ರೆ ಟಿ100 ಸಾವಿರ ಸಿಸಿ ಇರ್ಬೇಕಲ್ಲ ಅಂತ ನೋಡಿದ್ರೆ ಅದು 900. ಬಿಎಂಡಬ್ಲ್ಯೂ ಆರ್ ನೈನ್‌ಟಿ ಅಂದ್ರೆ ಆ ಕಂಪನಿ ಬೈಕ್ ಮಾಡೋಕೆ ಶುರು ಮಾಡಿ 90 ವರ್ಷ ಆಗಿದ್ದರ ನೆನಪಿಗೆ, 1923ರಿಂದ ಲೆಕ್ಕ. ಹಾರ್ಲೆ ಫ್ಯಾಟ್ ಬಾಯ್ 114 ಅಂದ್ರೆ 114 ಕ್ಯೂಬಿಕ್ ಇಂಚು, ಒಂದು ಘನ ಇಂಚಿಗೆ 16.39 ಸಿಸಿ, ಹಂಗಾಗಿ 1868 ಸಿಸಿ ಆಗುತ್ತೆ. ಅದೇ ಹಾರ್ಲೆಯವರ ಸ್ಪೋರ್ಟ್‌ಸ್ಟರ್ 883 ಮಾತ್ರ ಸಿಸಿ ಲೆಕ್ಕದ್ದು, ಒಂದೇ ಮನೇಲಿ ಎರಡು ಮಾಪನ!

ಹೆಸರು ಸಿಸಿ ಎರಡೂ ಸರಿಯಾಗೇ ಇದ್ರೂ ಬೈಕ್ ಹಳೇದಾದ್ಮೇಲೆ ಸಿಸಿ ಬದಲಾಗ್ಬಹುದು, ಇದು ತುಂಬ ಜನಕ್ಕೆ ಹೊಳೆಯಲ್ಲ. ಸಿಲಿಂಡರ್ ಸವೆದಾಗ ರೀಬೋರ್ ಮಾಡ್ಸಿ ಓವರ್‌ಸೈಜ್ ಪಿಸ್ಟನ್ ಹಾಕ್ತಾರಲ್ಲ, ಬೋರ್ ದೊಡ್ಡದಾಯ್ತು ಅಂದ್ರೆ ಸಿಸಿನೂ ದೊಡ್ಡದಾಯ್ತು. ಮೇಲೆ ಹೇಳಿದ 72 ಮಿಲಿಮೀಟರಿನ ಬೋರನ್ನ ಲೆಕ್ಕಕ್ಕೆ ಅಂತ 72.5 ಮಾಡಿ ನೋಡಿ, 349 ಇದ್ದಿದ್ದು 354 ಆಗುತ್ತೆ.

ಇದೆಲ್ಲ ಪ್ರಾಯೋಗಿಕವಾಗಿ ಎಲ್ಲಿ ಬೇಕಾಗುತ್ತೆ ಅಂದ್ರೆ ಪಾರ್ಟ್ಸ್ ತರಿಸೋವಾಗ. 390ಕ್ಕೆ ಪಿಸ್ಟನ್ ಕೊಡಿ, ಎಫ್800ಕ್ಕೆ ಗ್ಯಾಸ್ಕೆಟ್ ಕೊಡಿ ಅಂದ್ರೆ ಸಾಕಾಗಲ್ಲ, ಯಾವ ವರ್ಷದ್ದು ಅಂತ ಹೇಳ್ಲೇಬೇಕು, ಸಾಧ್ಯ ಆದ್ರೆ ಇಂಜಿನ್ ನಂಬರ್ ಕೊಟ್ಬಿಡಿ. ಸೆಕೆಂಡ್ ಹ್ಯಾಂಡ್ ನೋಡೋವಾಗ್ಲೂ ಅಷ್ಟೇ, ಎರಡು ಬೈಕಿನ ಹೆಸರು ಒಂದೇ ಇದೆ ಅಂತ ಹೋಲಿಸೋಕೆ ಹೋಗ್ಬೇಡಿ.

ಎಲೆಕ್ಟ್ರಿಕ್ ಗಾಡಿಗಳು ಬಂದ್ಮೇಲಂತೂ ಈ ಜಗಳವೇ ಬೇಡ ಅನ್ನೋ ಹಂಗಾಗಿದೆ, ಎಥರ್ 450 ಅನ್ನೋ ಹೆಸರು ಕೇಳಿ ಎಷ್ಟು ಸಿಸಿ ಅಂತ ಕೇಳೋರು ಈಗಲೂ ಇದ್ದಾರೆ, ಅದರಲ್ಲಿ ಸಿಲಿಂಡರೂ ಇಲ್ಲ, ಪಿಸ್ಟನ್ನೂ ಇಲ್ಲ.