ನಾಯಕನ ಹಗರಣದ ನೆರಳಿನಲ್ಲಿ ಗಾಯಾಳುವಿನ ದಾವೆ

ಹುಬ್ಬಳ್ಳಿಯ ತಿಮ್ಮಸಾಗರದ ಹೊಸ ಕೋರ್ಟ್ ಕಟ್ಟಡದಲ್ಲಿ ಮೋಟಾರು ಅಪಘಾತ ಪರಿಹಾರದ ಅರ್ಜಿಗಳ ವಿಚಾರಣೆ ಇರುವ ದಿನ ಬೆಂಚಿನ ಮೇಲೆ ಕುಳಿತವರ ಕೈಯಲ್ಲಿ ಬಹುತೇಕ ಒಂದೇ ಬಗೆಯ ಚೀಲವಿರುತ್ತದೆ. ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾರಿಬ್ಯಾಗಿನೊಳಗೆ ಎಕ್ಸ್‌ರೇ ಫಿಲ್ಮು, ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು, ಔಷಧಿ ಅಂಗಡಿಯ ಬಿಲ್ಲುಗಳ ಕಂತೆ, ಎಫ್‌ಐಆರ್ ಮತ್ತು ಪಂಚನಾಮೆಯ ಝೆರಾಕ್ಸ್, ವೈದ್ಯರು ಗಾಯದ ವಿವರ ಬರೆದುಕೊಟ್ಟ ವೂಂಡ್ ಸರ್ಟಿಫಿಕೇಟ್. ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ ಎಂದು ತಿಳಿದವರು ಅದನ್ನೂ ಝೆರಾಕ್ಸ್ ಮಾಡಿಸಿ ಇಟ್ಟುಕೊಂಡಿರುತ್ತಾರೆ. ಓಣಿಯಲ್ಲಿ ಇಂಥವರ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ‘ಪಾಪ, ದುಡಿಯೋ ಮನಷ್ಯಾನ ಕಾಲು ಹೋತು’ ಎಂಬುದು ಒಂದು. ‘ಎಂವಿಸಿ ಹಾಕ್ಯಾನ, ರೊಕ್ಕ ಬರತದ ಬಿಡು’ ಎಂಬುದು ಇನ್ನೊಂದು; ಎಂವಿಸಿ ಎಂದರೆ ಮೋಟಾರು ಅಪಘಾತ ಪರಿಹಾರದ ಕೇಸು. ಅನುಕಂಪವೂ ಅನುಮಾನವೂ ಹೀಗೆ ಅಕ್ಕಪಕ್ಕದಲ್ಲೇ ಇರುತ್ತವೆ.

ಈ ಎರಡನೆಯ ಮಾತನ್ನೇ ಅಮೆರಿಕದಲ್ಲಿ ಚುನಾವಣೆಯ ವಿಷಯವಾಗಿ ದಶಕಗಳ ಕಾಲ ಆಡಲಾಯಿತು. ಗಾಯಾಳುಗಳ ಪರವಾಗಿ ವಾದಿಸಿ ಹೆಸರು ಮಾಡಿದ ಒಬ್ಬ ವಕೀಲ ರಾಷ್ಟ್ರೀಯ ನಾಯಕನಾಗಿ ಬೆಳೆದು, ತನ್ನ ಖಾಸಗಿ ಬದುಕಿನ ಹಗರಣದಿಂದ ಬಿದ್ದಾಗ, ಅವರು ವಾದಿಸಿದ್ದ ಗಾಯಾಳುಗಳ ಪ್ರಶ್ನೆಗೂ ಅದೇ ಕೆಸರು ಮೆತ್ತಿಕೊಂಡಿತು. ಆ ವಕೀಲರೇ ಜಾನ್ ಎಡ್ವರ್ಡ್ಸ್.

ಉತ್ತರ ಕೆರೊಲಿನಾ ರಾಜ್ಯದ ಎಡ್ವರ್ಡ್ಸ್ 1980 ಮತ್ತು 90ರ ದಶಕಗಳಲ್ಲಿ ಆಸ್ಪತ್ರೆಗಳು, ವೈದ್ಯರು ಮತ್ತು ಕಂಪನಿಗಳ ವಿರುದ್ಧ ದಾವೆ ನಡೆಸುತ್ತಿದ್ದರು. ಅವರ ಅತ್ಯಂತ ಪ್ರಸಿದ್ಧ ದಾವೆ ಐದು ವರ್ಷದ ಒಬ್ಬ ಬಾಲಕಿಯದು. 1993ರಲ್ಲಿ ಮಕ್ಕಳಿಗಾಗಿಯೇ ಇದ್ದ ಆಳವಿಲ್ಲದ ಈಜುಕೊಳದಲ್ಲಿ, ನೀರು ಹೀರಿಕೊಳ್ಳುವ ರಂಧ್ರದ ಮುಚ್ಚಳ ಕಳಚಿದ್ದ ಜಾಗದಲ್ಲಿ ಆ ಮಗು ಕುಳಿತಿತು. ಪಂಪಿನ ಸೆಳೆತ ಅದರ ಕರುಳಿನ ಬಹುಭಾಗವನ್ನು ಹೊರಗೆಳೆದುಬಿಟ್ಟಿತು. ಆ ಮುಚ್ಚಳವನ್ನು ಸ್ಕ್ರೂ ಹಾಕಿ ಬಿಗಿಯಬೇಕು ಎಂಬ ಎಚ್ಚರಿಕೆ ಅದರ ಮೇಲೆ ಇರಲಿಲ್ಲ. ಇಂಥ ಅವಘಡಗಳು ಅದಕ್ಕೂ ಮೊದಲು ಹಲವು ಬಾರಿ ನಡೆದಿದ್ದವೆಂಬುದು ವಿಚಾರಣೆಯಲ್ಲಿ ಹೊರಬಿತ್ತು. 1997ರಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ತಂಡ, 2.5 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಬದುಕಿನುದ್ದಕ್ಕೂ ಪ್ರತಿದಿನ ಗಂಟೆಗಟ್ಟಲೆ ರಕ್ತನಾಳದ ಮೂಲಕವೇ ಆಹಾರ ಪಡೆಯಬೇಕಾದ ಮಗುವಿಗೆ ಆ ಮೊತ್ತ ಹೆಚ್ಚಾಯಿತೆಂದು ಹೇಳಲು ನನಗೆ ಸಾಧ್ಯವಾಗುವುದಿಲ್ಲ.

ಅವರ ಎಲ್ಲ ದಾವೆಗಳೂ ಇಷ್ಟು ನೇರವಾಗಿರಲಿಲ್ಲ. ಹೆರಿಗೆಯ ಸಮಯದಲ್ಲಿ ವೈದ್ಯರು ತಡಮಾಡಿದ್ದರಿಂದ ಮಗುವಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಚಲನೆಗೆ ತೊಡಕಾಗುವ ಕಾಯಿಲೆ) ಬಂದಿತೆಂದು ವಾದಿಸಿದ 1985ರ ಪ್ರಕರಣದಲ್ಲಿ ಎಡ್ವರ್ಡ್ಸ್, ಗರ್ಭದೊಳಗಿನ ಮಗುವೇ ಮಾತಾಡುತ್ತಿರುವಂತೆ ಜ್ಯೂರಿಯ ಮುಂದೆ ವಾದ ಮಂಡಿಸಿದರು. 65 ಲಕ್ಷ ಡಾಲರ್ ತೀರ್ಪು ಬಂದು, ಬಳಿಕ ಆ ಮೊತ್ತ ಇಳಿಯಿತು. ಆದರೆ ಈ ಕಾಯಿಲೆಯ ಬಹುಪಾಲು ಪ್ರಕರಣಗಳಿಗೆ ಹೆರಿಗೆಯ ಹೊತ್ತಿನ ಲೋಪ ಕಾರಣವಲ್ಲ ಎಂಬ ಅಭಿಪ್ರಾಯ ನಂತರದ ವರ್ಷಗಳಲ್ಲಿ ವೈದ್ಯ ಸಂಶೋಧಕರಲ್ಲಿ ಗಟ್ಟಿಯಾಯಿತು. ದಾವೆಯ ಭಯದಿಂದ ಸಿಸೇರಿಯನ್ ಹೆರಿಗೆಗಳು ಹೆಚ್ಚಿದರೂ ಕಾಯಿಲೆಯ ಪ್ರಮಾಣ ಅದಕ್ಕೆ ತಕ್ಕಂತೆ ಇಳಿಯಲಿಲ್ಲವೆಂದು ವೈದ್ಯರು ಎತ್ತಿದ ಆಕ್ಷೇಪ ತೂಕದ್ದೇ ಆಗಿತ್ತು. ಗಾಯಾಳುಗಳ ಪರ ನಿಲ್ಲುವವರು ಈ ಆಕ್ಷೇಪವನ್ನು ತಳ್ಳಿಹಾಕಬಾರದು.

ಇಂಥ ಪರಿಹಾರಕ್ಕೆ ಮಿತಿ ಬೇಕೇ ಎಂಬ ವಾದದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಗಾಯಾಳು ಮುಂಗಡವಾಗಿ ಫೀ ಕೊಡಬೇಕಿಲ್ಲ. ಗೆದ್ದರೆ ವಕೀಲರು ಸಾಮಾನ್ಯವಾಗಿ ಮೂರನೆಯ ಒಂದು ಪಾಲು ತೆಗೆದುಕೊಳ್ಳುತ್ತಾರೆ, ಸೋತರೆ ಇಲ್ಲ. ಮೊತ್ತವನ್ನು ಸಾಮಾನ್ಯ ನಾಗರಿಕರ ಜ್ಯೂರಿ ನಿರ್ಧರಿಸುತ್ತದೆ. ಈ ಏರ್ಪಾಟಿನಿಂದ ಬಡವನಿಗೂ ದೊಡ್ಡ ಕಂಪನಿಯ ಎದುರು ನಿಲ್ಲುವ ಶಕ್ತಿ ಬಂದಿತು; ವೈದ್ಯರ ವಿಮೆಯ ಕಂತೂ ಏರಿತು. 1975ರಲ್ಲಿ ಕ್ಯಾಲಿಫೋರ್ನಿಯ, ವೈದ್ಯಕೀಯ ನಿರ್ಲಕ್ಷ್ಯದ ದಾವೆಗಳಲ್ಲಿ ನೋವು ಮತ್ತು ಯಾತನೆಯ ಬಾಬತ್ತಿನ ಪರಿಹಾರಕ್ಕೆ 2.5 ಲಕ್ಷ ಡಾಲರ್ ಮಿತಿ ಹಾಕಿತು. ಬೆಲೆಗಳು ಎಷ್ಟೇ ಏರಿದರೂ ಆ ಮಿತಿ 2022ರ ತಿದ್ದುಪಡಿಯವರೆಗೆ ಕದಲಲಿಲ್ಲ. 2003ರಲ್ಲಿ ಟೆಕ್ಸಸ್ ಅದೇ ದಾರಿ ಹಿಡಿಯಿತು.

ಮಿತಿ ಬೇಕೆನ್ನುವವರಿಗೆ ಅತಿ ಹೆಚ್ಚು ಒದಗಿದ ಕಥೆ ಮೆಕ್‌ಡೊನಾಲ್ಡ್ಸ್ ಕಾಫಿಯದು. ಕಾಫಿ ಚೆಲ್ಲಿಕೊಂಡ ಅಜ್ಜಿಗೆ ಲಕ್ಷಾಂತರ ಡಾಲರ್ ಎಂದು ಜಗತ್ತೆಲ್ಲ ನಕ್ಕಿತು. ನಡೆದದ್ದು ಹೀಗೆ: 1992ರಲ್ಲಿ ನ್ಯೂ ಮೆಕ್ಸಿಕೋದ 79 ವರ್ಷದ ಆ ಮಹಿಳೆಯ ತೊಡೆಯ ಮೇಲೆ ಚೆಲ್ಲಿದ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇಡಲಾಗುತ್ತಿತ್ತು, ಚರ್ಮದ ಪೂರ್ಣ ದಪ್ಪ ಸುಟ್ಟು, ಬೇರೆಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು. ಅವರು ಮೊದಲು ಕೇಳಿದ್ದು 20,000 ಡಾಲರ್, ಕಂಪನಿ ಕೊಡಲು ಮುಂದಾದದ್ದು 800. ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಇಂಥ 700ಕ್ಕೂ ಹೆಚ್ಚು ದೂರುಗಳು ಕಂಪನಿಗೆ ಬಂದಿದ್ದವು. 1994ರಲ್ಲಿ ಜ್ಯೂರಿ ಹೇಳಿದ 28 ಲಕ್ಷ ಡಾಲರಿಗೂ ಮಿಕ್ಕ ಮೊತ್ತವನ್ನು ನ್ಯಾಯಾಧೀಶರು 6.4 ಲಕ್ಷಕ್ಕೆ ಇಳಿಸಿದರು. ಕೊನೆಗೆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಈ ವಿವರಗಳು ಗೊತ್ತಿಲ್ಲದೆ ನಕ್ಕವರಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ, ಅದಕ್ಕಾಗಿ ಈಗ ನಾಚಿಕೆಯಾಗುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಡಬೇಕು. ನ್ಯೂಯಾರ್ಕಿನ ಆಸ್ಪತ್ರೆಗಳ 1984ರ ದಾಖಲೆಗಳನ್ನು ಹಾರ್ವರ್ಡ್ ಸಂಶೋಧಕರು ಪರಿಶೀಲಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿರ್ಲಕ್ಷ್ಯದಿಂದ ಹಾನಿಗೊಳಗಾದ ರೋಗಿಗಳಲ್ಲಿ ಬಹುತೇಕರು ದಾವೆಯನ್ನೇ ಹೂಡಿರಲಿಲ್ಲ.

ಇಂಥ ವಾತಾವರಣದಲ್ಲಿ ಎಡ್ವರ್ಡ್ಸ್ ರಾಜಕೀಯಕ್ಕೆ ಬಂದರು. 1996ರಲ್ಲಿ ಕಾರು ಅಪಘಾತದಲ್ಲಿ 16 ವರ್ಷದ ಮಗನನ್ನು ಕಳೆದುಕೊಂಡ ಅವರು 1998ರಲ್ಲಿ ಸೆನೆಟಿಗೆ ಆಯ್ಕೆಯಾದರು, 2004ರಲ್ಲಿ ಜಾನ್ ಕೆರ್ರಿ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತರು. ಜಾರ್ಜ್ ಬುಷ್ ಆ ಪ್ರಚಾರದಲ್ಲಿ ರೋಗಿಯ ಪರ, ವೈದ್ಯರ ಪರ ಮತ್ತು ದಾವೆ ವಕೀಲರ ಪರ ಒಟ್ಟಿಗೇ ನಿಲ್ಲಲಾಗದು, ತಮ್ಮ ಎದುರಾಳಿ ವಕೀಲರನ್ನೇ ಆರಿಸಿಕೊಂಡಿದ್ದಾರೆ ಎಂದು ಸಭೆಯಿಂದ ಸಭೆಗೆ ಹೇಳಿದರು. ಗೆದ್ದ ಮೇಲೆ, 2005ರ ಫೆಬ್ರುವರಿಯಲ್ಲಿ, ದೊಡ್ಡ ಸಾಮೂಹಿಕ ದಾವೆಗಳನ್ನು ರಾಜ್ಯ ನ್ಯಾಯಾಲಯಗಳಿಂದ ಫೆಡರಲ್ (ಕೇಂದ್ರದ) ನ್ಯಾಯಾಲಯಗಳತ್ತ ತಿರುಗಿಸುವ ಕಾನೂನಿಗೆ ಸಹಿ ಹಾಕಿದರು.

ಆಮೇಲಿನದು ಪತನದ ಕಥೆ. 2008ರ ಅಧ್ಯಕ್ಷೀಯ ಸ್ಪರ್ಧೆಯಿಂದ ಜನವರಿಯಲ್ಲಿ ಹಿಂದೆ ಸರಿದ ಎಡ್ವರ್ಡ್ಸ್, ಪ್ರಚಾರ ತಂಡಕ್ಕೆ ವಿಡಿಯೊ ಮಾಡಿಕೊಡುತ್ತಿದ್ದ ಮಹಿಳೆಯೊಂದಿಗೆ ಸಂಬಂಧವಿತ್ತೆಂದು ಆಗಸ್ಟಿನಲ್ಲಿ ಒಪ್ಪಿಕೊಂಡರು. ಆಕೆಯ ಮಗು ತನ್ನದೆಂದು ಒಪ್ಪಿದ್ದು 2010ರ ಜನವರಿಯಲ್ಲಿ. ಕ್ಯಾನ್ಸರ್‌ನಿಂದ ನರಳುತ್ತಿದ್ದ ಅವರ ಪತ್ನಿ ಎಲಿಜಬೆತ್ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಸಂಬಂಧವನ್ನು ಮುಚ್ಚಿಡಲು ಇಬ್ಬರು ಬೆಂಬಲಿಗರಿಂದ ಬಂದ ಸುಮಾರು ಹತ್ತು ಲಕ್ಷ ಡಾಲರ್ ಅಕ್ರಮ ಚುನಾವಣಾ ದೇಣಿಗೆಯಾಗುತ್ತದೆ ಎಂದು 2011ರಲ್ಲಿ ಆರು ಆರೋಪಗಳನ್ನು ಹೊರಿಸಲಾಯಿತು. 2012ರ ಮೇ 31ರಂದು ಜ್ಯೂರಿ ಒಂದು ಆರೋಪದಿಂದ ಬಿಡುಗಡೆ ಮಾಡಿತು, ಉಳಿದ ಐದರಲ್ಲಿ ಒಮ್ಮತಕ್ಕೆ ಬರಲಿಲ್ಲ. ಎರಡು ವಾರದೊಳಗೆ ಸರಕಾರ ಪ್ರಕರಣವನ್ನು ಕೈಬಿಟ್ಟಿತು. ಇತ್ತ ಅವರದೇ ರಾಜ್ಯ 2011ರಲ್ಲಿ ವೈದ್ಯಕೀಯ ದಾವೆಗಳ ಯಾತನೆಯ ಪರಿಹಾರಕ್ಕೆ 5 ಲಕ್ಷ ಡಾಲರ್ ಮಿತಿ ಹಾಕಿತ್ತು. ಹಗರಣದಿಂದಲೇ ಆ ಕಾನೂನು ಬಂತೆಂದು ನಾನು ಹೇಳಲಾರೆ; ರಾಜ್ಯದ ಶಾಸನಸಭೆಯ ಬಹುಮತ ಬದಲಾಗಿತ್ತು. ಆದರೆ ಗಾಯಾಳುಗಳ ಪರ ರಾಷ್ಟ್ರಮಟ್ಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಬಲ್ಲವರು ಆ ಹೊತ್ತಿಗೆ ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ.

ಹೆಂಡತಿಗೆ ಸುಳ್ಳು ಹೇಳಿದವರು ಜ್ಯೂರಿಗೆ ಹೇಳಿದ್ದೂ ಸುಳ್ಳೇ ಎಂಬ ತರ್ಕ ಕೇಳಲು ಸಲೀಸು. ಆದರೆ ಈಜುಕೊಳದ ಮುಚ್ಚಳ ಕಳಚಿತ್ತೋ ಇಲ್ಲವೋ ಎಂಬುದು ವಕೀಲರ ಶೀಲದಿಂದ ತೀರ್ಮಾನವಾಗುವ ವಿಷಯವೇ ಅಲ್ಲ. ಇದಕ್ಕೆ ಪುರಾವೆಯೂ ಸಿಕ್ಕಿತು. ಎಡ್ವರ್ಡ್ಸ್ ಅವರ ವಿರೋಧಿ ಪಕ್ಷದ ಹಿರಿಯ, ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಇಂಥದೇ ಹೀರುರಂಧ್ರದ ಸೆಳೆತಕ್ಕೆ ಸಿಕ್ಕಿ ನೀರಿನಲ್ಲಿ ಮುಳುಗಿ ತೀರಿಕೊಂಡಳು. ಆಕೆಯ ಹೆಸರಿನಲ್ಲೇ 2007ರ ಡಿಸೆಂಬರಿನಲ್ಲಿ ಸುರಕ್ಷಿತ ಮುಚ್ಚಳಗಳನ್ನು ಕಡ್ಡಾಯಗೊಳಿಸುವ ಕಾನೂನು ಬಂತು, ಅದಕ್ಕೆ ಸಹಿ ಹಾಕಿದವರು ಬುಷ್.

ಹಗರಣ ಮತ್ತು ದಾವೆ ತೀರಾ ಬೇರೆ ರೀತಿಯಲ್ಲಿ ಸಂಧಿಸಿದ್ದು ಬಿಲ್ ಕ್ಲಿಂಟನ್ ಕಾಲದಲ್ಲಿ. ಅರ್ಕಾನ್ಸಾ ರಾಜ್ಯದ ನೌಕರಳಾಗಿದ್ದ ಪೌಲಾ ಜೋನ್ಸ್, ಕ್ಲಿಂಟನ್ ಗವರ್ನರ್ ಆಗಿದ್ದಾಗ ತನಗೆ ಲೈಂಗಿಕ ಕಿರುಕುಳ ಕೊಟ್ಟರೆಂದು 1994ರಲ್ಲಿ ಪರಿಹಾರದ ದಾವೆ ಹೂಡಿದರು. ಅಧಿಕಾರದಲ್ಲಿರುವ ಅಧ್ಯಕ್ಷರಿಗೂ ಇಂಥ ದಾವೆಯಿಂದ ತಾತ್ಕಾಲಿಕ ವಿನಾಯಿತಿ ಇಲ್ಲವೆಂದು ಸುಪ್ರೀಂ ಕೋರ್ಟ್ 1997ರ ಮೇನಲ್ಲಿ ಸರ್ವಾನುಮತದಿಂದ ಹೇಳಿತು. ಆ ದಾವೆಯಲ್ಲಿ ಕೊಟ್ಟ ಸಾಕ್ಷ್ಯವೇ ಮೋನಿಕಾ ಲೆವಿನ್ಸ್ಕಿ ಪ್ರಕರಣಕ್ಕೆ, ಕೊನೆಗೆ ಮಹಾಭಿಯೋಗಕ್ಕೆ ದಾರಿಯಾಯಿತು. ತಪ್ಪೊಪ್ಪಿಗೆಯಿಲ್ಲದೆ, 8.5 ಲಕ್ಷ ಡಾಲರಿಗೆ ರಾಜಿಯಾಯಿತು. ಅಲ್ಲಿಯವರೆಗೆ ದಾವೆ ಹಾಕುವವರನ್ನು ಹಳಿಯುತ್ತಿದ್ದವರಲ್ಲಿ ಹಲವರು ಈ ಒಂದು ದಾವೆಯನ್ನು ಎತ್ತಿಹಿಡಿದರು, ಗಾಯಾಳುಗಳ ಪರ ಇದ್ದವರಲ್ಲಿ ಹಲವರು ಮೌನವಾದರು. ಪ್ರಶ್ನೆಗಿಂತ ಪಕ್ಷ ಮುಖ್ಯವಾದಾಗ ಹಾಗೆಯೇ ಆಗುತ್ತದೆ.

ನಮ್ಮಲ್ಲಿ ಈ ಚರಿತ್ರೆ ಬೇರೆ ದಾರಿಯಲ್ಲಿ ನಡೆಯಿತು. ಅಮೆರಿಕದ ದಾವೆ ವಕೀಲರು ಭಾರತದ ನೆಲಕ್ಕೆ ಬಂದಿಳಿದದ್ದು 1984ರ ಡಿಸೆಂಬರಿನ ಭೋಪಾಲ ದುರಂತದ ಬಳಿಕ. ಸಂತ್ರಸ್ತರ ಪರ ದಾವೆ ಹೂಡುವ ಹಕ್ಕನ್ನು ಕೇಂದ್ರ ಸರಕಾರ 1985ರ ಕಾಯ್ದೆಯ ಮೂಲಕ ತಾನೇ ವಹಿಸಿಕೊಂಡಿತು. ನ್ಯೂಯಾರ್ಕಿನ ನ್ಯಾಯಾಲಯ 1986ರಲ್ಲಿ ಪ್ರಕರಣವನ್ನು ಭಾರತಕ್ಕೆ ಕಳಿಸಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಇಲ್ಲಿ ವಕೀಲರು ಗೆಲುವಿನಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸುತ್ತದೆ, ಸಿವಿಲ್ ದಾವೆಗೆ ಜ್ಯೂರಿಯಿಲ್ಲ, ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಹಾಗಾಗಿ ಗಾಯಾಳುವಿಗೆ ತೆರೆದಿರುವ ದಾರಿಗಳು ಮುಖ್ಯವಾಗಿ ಎರಡು: ಆಸ್ಪತ್ರೆಯ ತಪ್ಪಿಗೆ ಗ್ರಾಹಕರ ಆಯೋಗ, ಏಕೆಂದರೆ ವೈದ್ಯರ ಸೇವೆಯೂ ಗ್ರಾಹಕ ಕಾಯ್ದೆಯಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು, ರಸ್ತೆ ಅಪಘಾತಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ.

ನ್ಯಾಯಮಂಡಳಿಯ ಲೆಕ್ಕದಲ್ಲಿ ಭಾವಾವೇಶಕ್ಕೆ ಜಾಗ ಕಡಿಮೆ. ಎಪಿಎಂಸಿಯಲ್ಲಿ ಚೀಲ ಹೊರುವ 32 ವರ್ಷದ ಹಮಾಲನಿಗೆ ತಿಂಗಳಿಗೆ 12,000 ರೂಪಾಯಿ ದುಡಿಮೆಯೆಂದೂ, ಕಾಲಿನ ಗಾಯದಿಂದ ದುಡಿಯುವ ಶಕ್ತಿ ಶೇ 25ರಷ್ಟು ಕುಂದಿದೆಯೆಂದೂ ಇಟ್ಟುಕೊಳ್ಳೋಣ. 2009ರಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದ ಕೋಷ್ಟಕದಲ್ಲಿ 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ, 16. ಆಗ ಆದಾಯ ನಷ್ಟ 5,76,000 ರೂಪಾಯಿ. ಅದರ ಮೇಲೆ ಭವಿಷ್ಯದ ಆದಾಯ ವೃದ್ಧಿ, ಆಸ್ಪತ್ರೆಯ ಖರ್ಚು, ನೋವು ಮತ್ತು ಯಾತನೆಯ ಬಾಬತ್ತು. ಚೀಲ ಹೊರುವವನಿಗೆ ಕಾಲಿನ ಶೇ 25 ಎಂದರೆ ಕೆಲಸದ ಶೇ 100 ಎಂದು ವಾದಿಸಲೂ ಅವಕಾಶವಿದೆ, ಏಕೆಂದರೆ ವೈದ್ಯರು ಬರೆದ ಅಂಗವೈಕಲ್ಯದ ಪ್ರಮಾಣ ಮತ್ತು ದುಡಿಮೆಯ ನಷ್ಟ ಒಂದೇ ಅಲ್ಲವೆಂದು ಸುಪ್ರೀಂ ಕೋರ್ಟಿನ 2010ರ ತೀರ್ಪು ಹೇಳುತ್ತದೆ. ತೃಪ್ತಿಯಾಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠವಿದೆ. 2008ರಲ್ಲಿ ಸಂಚಾರಿ ಪೀಠ ಬರುವವರೆಗೆ ಗದಗ, ಹಾವೇರಿಯ ಗಾಯಾಳು ಮೇಲ್ಮನವಿಗೆ ಬೆಂಗಳೂರಿನ ರೈಲು ಹತ್ತಬೇಕಿತ್ತು.

ನಮ್ಮ ರಾಜಕಾರಣಿಗಳ ಹಗರಣಗಳು ಸಿವಿಲ್ ಕೋರ್ಟಿನ ಮೆಟ್ಟಿಲೇರಿದ್ದು ಬಹುತೇಕ ತಡೆಯಾಜ್ಞೆಗಾಗಿ. 2012ರ ಫೆಬ್ರುವರಿಯಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. 2021ರ ಮಾರ್ಚಿನಲ್ಲಿ ಒಬ್ಬ ಸಚಿವರ ಸೀಡಿ ಹೊರಬಂದ ಬೆನ್ನಿಗೇ ಬೇರೆ ಆರು ಸಚಿವರು ತಮ್ಮ ವಿರುದ್ಧ ಮಾನಹಾನಿಕರವಾದದ್ದನ್ನು ಪ್ರಸಾರ ಮಾಡದಂತೆ ಬೆಂಗಳೂರಿನ ಕೋರ್ಟಿನಿಂದ ತಡೆ ತಂದರು. ಇದಕ್ಕೆ ತದ್ವಿರುದ್ಧವಾದದ್ದು ಪ್ರಜ್ವಲ್ ರೇವಣ್ಣ ಪ್ರಕರಣ: 2025ರ ಆಗಸ್ಟಿನಲ್ಲಿ ವಿಶೇಷ ನ್ಯಾಯಾಲಯ ಅತ್ಯಾಚಾರದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ವಿಧಿಸಿ, ಸಂತ್ರಸ್ತೆಗೆ 11 ಲಕ್ಷ ರೂಪಾಯಿಗೂ ಹೆಚ್ಚು ಪರಿಹಾರ ಸಲ್ಲಬೇಕೆಂದಿತು; ತೀರ್ಪಿನ ವಿರುದ್ಧ ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ಉತ್ತರ ಕನ್ನಡದಲ್ಲಿ ಸುಗ್ಗಿಯ ಕಾಲದ ಸೋಗಿನ ಆಟಕ್ಕೂ ಹಗರಣ ಎನ್ನುತ್ತಾರೆ. ಒಪ್ಪಿತ ಸಂಬಂಧವನ್ನೂ ಅತ್ಯಾಚಾರವನ್ನೂ ಆ ಒಂದೇ ಪದದಲ್ಲಿ ಕಟ್ಟಿ ಟಿವಿಗಳು ತೋರಿಸುವಾಗ, ನಿಜವಾಗಿ ಗಾಯಗೊಂಡವಳು ಆಟದ ಪಾತ್ರಧಾರಿಯಾಗಿಬಿಡುತ್ತಾಳೆ. ನನಗೆ ಇದು ಸಹಿಸಲಾಗದ ಸಂಗತಿ.

ರಾಜಕಾರಣಿಗಳ ಏಳುಬೀಳಿನತ್ತ ಕಣ್ಣು ನೆಟ್ಟಿರುವಾಗ ಏನು ಕೈತಪ್ಪುತ್ತದೆ ಎಂಬುದಕ್ಕೆ ಒಂದು ದಿನಾಂಕ ಸಾಕು. 2019ರ ಜುಲೈ 23ರ ಸಂಜೆ ರಾಜ್ಯವೆಲ್ಲ ಟಿವಿಯ ಮುಂದೆ ಕುಳಿತಿತ್ತು. ಶಾಸಕರು ಮುಂಬಯಿಯ ಹೋಟೆಲಿನಲ್ಲಿದ್ದರು, ವಿಧಾನಸಭೆಯಲ್ಲಿ ಕುಮಾರಸ್ವಾಮಿ ಸರಕಾರ 99–105ರಿಂದ ಬಿತ್ತು. ಅದೇ ದಿನ ಲೋಕಸಭೆ ಮೋಟಾರು ವಾಹನ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಅದರಲ್ಲಿನ ದಂಡದ ಮೊತ್ತಗಳ ಬಗ್ಗೆ ಆಮೇಲೆ ಬೇಕಾದಷ್ಟು ಗದ್ದಲವಾಯಿತು. ಆದರೆ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ಉಪಬಂಧ ಅದರೊಳಗೇ ಇತ್ತು. 1939ರ ಕಾಯ್ದೆಯಲ್ಲೂ 1988ರ ಕಾಯ್ದೆಯಲ್ಲೂ ಇದ್ದ ಈ ಗಡುವು ಬಡವರಿಗೆ ಅನ್ಯಾಯ ಮಾಡುತ್ತದೆಂದು ಸಂಸತ್ತೇ 1994ರಲ್ಲಿ ಅದನ್ನು ತೆಗೆದುಹಾಕಿತ್ತು. 2022ರ ಏಪ್ರಿಲ್ 1ರಿಂದ ಅದು ಮರಳಿ ಜಾರಿಗೆ ಬಂತು. ಅದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು.

ತೊಡೆಯ ಮೂಳೆ ಮುರಿದು ರಾಡು ಹಾಕಿಸಿಕೊಂಡವನಿಗೆ, ಮೂಳೆ ಸರಿಯಾಗಿ ಕೂಡದೆ ಎರಡನೇ ಆಪರೇಷನ್ ಆದರೆ, ಆರು ತಿಂಗಳು ಹಾಸಿಗೆಯಲ್ಲೇ ಕಳೆದುಹೋಗುತ್ತವೆ. ಕೋಲು ಊರಿಕೊಂಡು ತಿಮ್ಮಸಾಗರಕ್ಕೆ ಬಂದವನ ಕ್ಯಾರಿಬ್ಯಾಗನ್ನು ತೆರೆದ ವಕೀಲರು ಈಗ ಎಕ್ಸ್‌ರೇಯನ್ನು ಬದಿಗಿಟ್ಟು ವೂಂಡ್ ಸರ್ಟಿಫಿಕೇಟನ್ನು ಹುಡುಕುತ್ತಾರೆ, ಮತ್ತು ಗಾಯ ಯಾವುದು ಎಂದು ಕೇಳುವ ಮೊದಲೇ ಕೇಳುತ್ತಾರೆ: ‘ಆ್ಯಕ್ಸಿಡೆಂಟ್ ಆದ ತಾರೀಖು ಯಾವದ್ರಿ?’