ಚಳಿಪ್ರಿಯ ಯೀಸ್ಟ್‌ನ ಕೊಬ್ಬು: ಸಾರಜನಕ ಮುಗಿದರೆ ಸಿಟ್ರೇಟ್ ಏಕೆ ಮಿಗುತ್ತದೆ?

15 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಉಷ್ಣತೆಯಲ್ಲಿ ಹುಲುಸಾಗಿ ಬೆಳೆದು, 20 ದಾಟಿದರೆ ಬೆಳವಣಿಗೆ ನಿಲ್ಲಿಸುವ ಯೀಸ್ಟ್‌ಗಳು ಚಳಿಪ್ರಿಯ. ಚಳಿಯಲ್ಲೂ 20ರ ಮೇಲೂ ಬೆಳೆಯುವಂಥವು ಚಳಿಸಹಿಷ್ಣು. ಮೊದಲ ಗುಂಪಿಗೆ ಉದಾಹರಣೆ ಬೇಕಿದ್ದರೆ ಗ್ಲೇಸಿಯೋಜೈಮಾ ಅಂಟಾರ್ಕ್ಟಿಕಾ ಎಂದು ಬರೆಯಿರಿ. ಹಾಸನದಲ್ಲಿ ನಾವು ಸ್ವೆಟರ್ ಹಾಕಿಕೊಳ್ಳುವ ಜನವರಿಯ ಮುಂಜಾವು ಅದಕ್ಕೆ ಸೆಕೆಯ ಅಂಚು.

ಈ ಕೋಶಗಳ ಉಳಿತಾಯ ಮುಖ್ಯವಾಗಿ ಮೂರು ರೂಪದಲ್ಲಿರುತ್ತದೆ. ಗ್ಲೈಕೋಜನ್ ಎಂದರೆ ಗ್ಲೂಕೋಸಿನ ಕವಲೊಡೆದ ಸರಪಳಿ. ಅಯೋಡಿನ್ ಹಾಕಿದರೆ ಕೆಂಗಂದು ಬಣ್ಣ. ಟ್ರೆಹಲೋಸ್ ಎರಡು ಗ್ಲೂಕೋಸುಗಳ ಜೋಡಿ. ಹೆಪ್ಪುಗಟ್ಟುವಾಗ ಪೊರೆಯನ್ನೂ ಪ್ರೋಟೀನನ್ನೂ ಕಾಯುತ್ತದೆ. ಮೂರನೆಯದು ಕೊಬ್ಬು, ಅಂದರೆ ಟ್ರೈಗ್ಲಿಸರೈಡ್. ಒಂದು ಗ್ರಾಂಗೆ ಸುಮಾರು 9 ಕಿಲೋಕ್ಯಾಲರಿ. ಗ್ಲೈಕೋಜನ್‌ಗೆ ಸುಮಾರು 4. ಒಣತೂಕದ ಶೇ 20ಕ್ಕಿಂತ ಹೆಚ್ಚು ಕೊಬ್ಬು ಕೂಡಿಟ್ಟರೆ ಅದನ್ನು ಎಣ್ಣೆ ಯೀಸ್ಟ್ ಎನ್ನುತ್ತೇವೆ.

ಇನ್ನು ನನ್ನನ್ನು ಬಹಳ ಹೊತ್ತು ಸತಾಯಿಸಿದ ಭಾಗ. "ಸಾರಜನಕ ಮುಗಿದು ಸಕ್ಕರೆ ಉಳಿದರೆ ಕೊಬ್ಬು ಶೇಖರವಾಗುತ್ತದೆ" ಎಂದು ಎಲ್ಲರೂ ಬರೆಯುತ್ತಾರೆ. ಸಾರಜನಕವಿಲ್ಲದೆ ಪ್ರೋಟೀನಿಲ್ಲ, ಪ್ರೋಟೀನಿಲ್ಲದೆ ಕೋಶ ವಿಭಜನೆಯಿಲ್ಲ, ಅಷ್ಟು ಸರಿ. ಆದರೆ ಆ ಸಕ್ಕರೆ ಎಂದಿನಂತೆ ಉರಿದುಹೋಗದೆ ಕೊಬ್ಬಿನ ಕಡೆಗೇ ಏಕೆ ತಿರುಗಬೇಕು?

ಉತ್ತರ ಎಎಂಪಿಯಲ್ಲಿದೆ, ಅಂದರೆ ಸಾರಜನಕವಿರುವ ಅಡೆನೊಸಿನ್ ಮಾನೊಫಾಸ್ಫೇಟ್ ಎಂಬ ಪುಟ್ಟ ಅಣುವಿನಲ್ಲಿ. ಸಾರಜನಕದ ಬರ ಬಂದಾಗ ಎಎಂಪಿ ಡಿಅಮಿನೇಸ್ ಎಂಬ ಕಿಣ್ವ ಚುರುಕಾಗಿ, ಎಎಂಪಿಯಿಂದ ಅಮೋನಿಯವನ್ನು ಕಿತ್ತುಕೊಂಡು ಅದನ್ನು ಐಎಂಪಿ ಎಂಬ ಬೇರೆ ಅಣುವಾಗಿಸುತ್ತದೆ. ಕೋಶಕ್ಕೆ ಒಂದಿಷ್ಟು ಸಾರಜನಕ ದಕ್ಕಿತು, ಎಎಂಪಿ ಮಾತ್ರ ಕುಸಿಯಿತು. ಎಣ್ಣೆ ಯೀಸ್ಟ್‌ಗಳ ಮೈಟೊಕಾಂಡ್ರಿಯದಲ್ಲಿ (ಕೋಶದ ಶಕ್ತಿಮನೆಯಲ್ಲಿ) ಐಸೊಸಿಟ್ರೇಟನ್ನು ಮುಂದಿನ ಹಂತಕ್ಕೆ ದಾಟಿಸುವ ಕಿಣ್ವ ಐಸೊಸಿಟ್ರೇಟ್ ಡಿಹೈಡ್ರೋಜನೇಸ್. ಅದು ಕೆಲಸ ಮಾಡಲು ಎಎಂಪಿ ಬೇಕೇ ಬೇಕು. ಎಎಂಪಿ ಇಲ್ಲದೆ, ಸಕ್ಕರೆಯ ತುಣುಕುಗಳನ್ನು ಉರಿಸುವ ಕ್ರೆಬ್ಸ್ ಚಕ್ರ ಅಲ್ಲಿಗೇ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಐಸೊಸಿಟ್ರೇಟ್ ಮಿಗಬೇಕಿತ್ತಲ್ಲ, ಚಕ್ರದಲ್ಲಿ ಅದಕ್ಕೂ ಹಿಂದಿನ ಹಂತದ ಸಿಟ್ರೇಟ್ ಏಕೆ? ಅವೆರಡರ ನಡುವಿನ ಅಕೊನಿಟೇಸ್ ಕಿಣ್ವ ಹಿಂದಕ್ಕೂ ಮುಂದಕ್ಕೂ ನಡೆಯುತ್ತದೆ, ಅದರ ಸಮತೋಲ ಸಿಟ್ರೇಟ್ ಕಡೆಗೇ ವಾಲಿದೆ. ಮುಂದೆ ದಾರಿ ಮುಚ್ಚಿದರೆ ಹಿಂದೆ ಸಿಟ್ರೇಟೇ ತುಂಬಿಕೊಳ್ಳುತ್ತದೆ. ಅದು ಮೈಟೊಕಾಂಡ್ರಿಯದಿಂದ ಹೊರಬರುತ್ತದೆ; ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವ ಅದನ್ನು ಸೀಳಿ ಕೊಬ್ಬಿನಾಮ್ಲ ಕಟ್ಟುವ ಇಟ್ಟಿಗೆಯಾದ ಅಸಿಟೈಲ್ ಕೋಎ ಕೊಡುತ್ತದೆ. ಉಳಿದದ್ದು ಗೊತ್ತಿರುವ ದಾರಿಯೇ: ಕೊಬ್ಬಿನಾಮ್ಲ, ಟ್ರೈಗ್ಲಿಸರೈಡ್, ಹನಿ. ಬೇಕರಿ ಯೀಸ್ಟ್‌ಗೆ ಈ ಲೈಯೇಸ್ ಇಲ್ಲ. ಎಷ್ಟು ಸಕ್ಕರೆ ಉಣಿಸಿದರೂ ಅದು ಎಣ್ಣೆ ಯೀಸ್ಟ್ ಆಗುವುದಿಲ್ಲ.

ಉತ್ತರಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳಲು: ಸಾರಜನಕ ಇಲ್ಲ, ಎಎಂಪಿ ಇಲ್ಲ, ದಾರಿ ಇಲ್ಲ, ಸಿಟ್ರೇಟ್ ಹೊರಕ್ಕೆ.

ಗಮನಿಸಿ, ಇಷ್ಟು ಹೊತ್ತು ಚಳಿಯ ಪ್ರಸ್ತಾಪವೇ ಬರಲಿಲ್ಲ. ಆಲ್ಪ್ಸ್ ಹಿಮನದಿಯಿಂದ ಬೇರ್ಪಡಿಸಿದ ರೋಡೊಟೊರುಲಾ ಗ್ಲೇಸಿಯಾಲಿಸ್ ಮೈನಸ್ 3ರಿಂದ 20 ಡಿಗ್ರಿಯವರೆಗೆ ಬೆಳೆಯುತ್ತ ಕೊಬ್ಬು ಕೂಡಿಡುತ್ತದೆ. ಗ್ಲೂಕೋಸ್ ಹೆಚ್ಚಿಸಿದಾಗ ಆ ಕೊಬ್ಬು ಒಣತೂಕದ ಶೇ 68 ಮುಟ್ಟಿದ ದಾಖಲೆಯಿದೆ. ಆದರೆ ಎಷ್ಟು ಕೊಬ್ಬು ಎಂಬುದನ್ನು ಅಲ್ಲಿ ಉಷ್ಣತೆ ಬದಲಿಸಲಿಲ್ಲ. ಎಂಥ ಕೊಬ್ಬು ಎಂಬುದನ್ನು ಬದಲಿಸಿತು: ತಣ್ಣಗಾದಂತೆ ಅಪರ್ಯಾಪ್ತ (ಇಂಗಾಲಗಳ ನಡುವೆ ಜೋಡಿ ಬಂಧವಿರುವ) ಕೊಬ್ಬಿನಾಮ್ಲಗಳು ಹೆಚ್ಚಿದವು. ಕಾರಣ ಕರಗುವ ಬಿಂದುವಿನಲ್ಲಿದೆ. ಜೋಡಿ ಬಂಧವಿಲ್ಲದ ಪಾಮಿಟಿಕ್ ಆಮ್ಲ 63 ಡಿಗ್ರಿಯಲ್ಲಿ ಕರಗಿದರೆ ಅಪರ್ಯಾಪ್ತವಾದ ಓಲಿಕ್ 13ರಲ್ಲಿ, ಲಿನೋಲಿಕ್ ಮೈನಸ್ 5ರಲ್ಲಿ, ಆಲ್ಫಾ ಲಿನೋಲೆನಿಕ್ ಮೈನಸ್ 11ರಲ್ಲಿ. ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗಿ, ಪಕ್ಕದ ಸೂರ್ಯಕಾಂತಿ ಎಣ್ಣೆ ಹಾಗೇ ಇರುವುದು ಇದೇ ಲೆಕ್ಕಕ್ಕೆ. "ಚಳಿಯಿಂದ ಕೊಬ್ಬು ಹೆಚ್ಚುತ್ತದೆಯೇ?" ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಎರಡನ್ನೂ ಬೇರೆ ಬೇರೆಯಾಗಿ ಹೇಳಿ.

ಪ್ರಯೋಗಾಲಯಕ್ಕೆ ಒಂದು ಮಾತು. ಬಣ್ಣ ಹಾಕದ ಸ್ಲೈಡಿನಲ್ಲಿ ರಸದಾನಿಯೂ (ಕೋಶದೊಳಗಿನ ನೀರಿನ ಚೀಲ, ವ್ಯಾಕ್ಯುಯೋಲ್) ಗುಂಡಗೆ, ಕೊಬ್ಬಿನ ಹನಿಯೂ ಗುಂಡಗೆ. ಫೋಕಸ್ ತಿರುಪನ್ನು ಸ್ವಲ್ಪ ಆಡಿಸಿ: ಹನಿ ಫಳಕ್ಕನೆ ಹೊಳೆಯುತ್ತದೆ, ರಸದಾನಿ ಮಂಕಾಗಿಯೇ ಇರುತ್ತದೆ. ಸುಡಾನ್ ಬ್ಲ್ಯಾಕ್ ಹಾಕಿ ಸಾಫ್ರನಿನ್ ಕೊಟ್ಟರೆ ಗುಲಾಬಿ ಕೋಶದೊಳಗೆ ಹನಿ ಮಾತ್ರ ಕಡುನೀಲಿ ಕಪ್ಪು.