ಇಂಟ್ರಾಡೇ ಮಾರ್ಜಿನ್ ಅಂದರೆ ಏನು? ಹತ್ತು ಸಾವಿರ ಇಟ್ಟುಕೊಂಡು ಶುರು ಮಾಡುವವರಿಗೆ

ಕೋಲಾರದ ಅಂಗಡಿಯವರ ಬಾಯಲ್ಲಿ ಮಾರ್ಜಿನ್ ಅಂದರೆ ಲಾಭ. "ಈ ಐಟಂನಲ್ಲಿ ಮಾರ್ಜಿನ್ ಏನೂ ಇಲ್ಲ ಅಣ್ಣಾ" ಅಂತಾರಲ್ಲ, ಅದು. ಷೇರು ಆ್ಯಪ್‌ನಲ್ಲಿ ಕಾಣುವ ಮಾರ್ಜಿನ್ ಬೇರೆ. ಅಲ್ಲಿ ಅದು ನೀವು ಮೊದಲೇ ಕಟ್ಟಬೇಕಾದ ಠೇವಣಿ. ಇವತ್ತೇ ಕೊಂಡು ಇವತ್ತೇ ಮಾರಿಬಿಡುವ ವ್ಯವಹಾರಕ್ಕೆ ಇಂಟ್ರಾಡೇ ಅನ್ನುತ್ತಾರೆ. ಷೇರು ನಿಮ್ಮ ಡಿಮ್ಯಾಟ್ ಖಾತೆಗೆ (ಕೊಂಡ ಷೇರು ಜಮೆಯಾಗುವ ಖಾತೆ) ಬರುವುದೇ ಇಲ್ಲ, ಹಾಗಾಗಿ ಪೂರ್ತಿ ಬೆಲೆ ಕೊಡಬೇಕಿಲ್ಲ, ಒಂದು ಭಾಗ ಇಟ್ಟರೆ ಸಾಕು. ಆ ಭಾಗವೇ ಇಂಟ್ರಾಡೇ ಮಾರ್ಜಿನ್.

ಆ್ಯಪ್ ಮಾತ್ರ ಇದನ್ನು ತಿರುಗಿಸಿ ತೋರಿಸುತ್ತದೆ. "20 ಪರ್ಸೆಂಟ್ ಕಟ್ಟಿ" ಅನ್ನುವುದಿಲ್ಲ, "5 ಪಟ್ಟು ಸಿಗುತ್ತೆ" ಅನ್ನುತ್ತದೆ. ಲೆಕ್ಕ ಒಂದೇ. ಆದರೆ ಎರಡನೆಯದನ್ನು ಓದಿದವರಿಗೆ ಕೈಯಲ್ಲಿರುವ ಹತ್ತು ಸಾವಿರ ಐವತ್ತು ಸಾವಿರದ ಹಾಗೆ ಕಾಣುತ್ತದೆ.

ಎಪಿಎಂಸಿಯಲ್ಲಿ ಟೊಮೇಟೊ ವ್ಯಾಪಾರ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಮಂಡಿಯಲ್ಲಿ ಚೆನ್ನಾಗಿ ಪರಿಚಯ ಇರುವ ವ್ಯಾಪಾರಿ ಒಬ್ಬ, 20 ಬಾಕ್ಸಿಗಾಗುವಷ್ಟು ದುಡ್ಡು ಇಟ್ಟುಕೊಂಡು ಹರಾಜಿನಲ್ಲಿ 100 ಬಾಕ್ಸ್ ಹಿಡಿಯುತ್ತಾನೆ ಅಂದುಕೊಳ್ಳಿ. ಉಳಿದದ್ದಕ್ಕೆ ಮಂಡಿಯವರು ಸಂಜೆವರೆಗೆ ಸುಮ್ಮನಿರುತ್ತಾರೆ. ರೇಟು ಬಾಕ್ಸಿಗೆ ಹತ್ತು ರೂಪಾಯಿ ಏರಿದರೆ 100 ಬಾಕ್ಸಿನ ಲಾಭ ಅವನದು. ಹತ್ತು ರೂಪಾಯಿ ಇಳಿದರೆ 100 ಬಾಕ್ಸಿನ ನಷ್ಟವೂ ಅವನದೇ, ಬರೀ 20ರದ್ದಲ್ಲ. ಸಂಜೆಯಾದರೆ ಬಾಕಿ ಚುಕ್ತಾ ಆಗಲೇಬೇಕು, "ನಾಳೆ ರೇಟು ಬರುತ್ತೆ, ಒಂದಿನ ತಡೀರಿ" ಅಂದರೆ ಯಾರೂ ಕೇಳುವುದಿಲ್ಲ.

ಈ 5 ಪಟ್ಟು ಅನ್ನುವುದು ಬ್ರೋಕರ್ ಮನಸ್ಸಿಗೆ ಬಂದ ಸಂಖ್ಯೆಯಲ್ಲ. ಮೊದಲು ಹಾಗಿತ್ತು. ಆಗ ಕೆಲವು ಬ್ರೋಕರ್‌ಗಳು 20 ಪಟ್ಟು, ಅದಕ್ಕಿಂತ ಜಾಸ್ತಿಯೂ ಕೊಡುತ್ತಿದ್ದರು. ದಿನದ ಕೊನೆಗೆ ಲೆಕ್ಕ ಸರಿ ಇದ್ದರೆ ಸಾಕಿತ್ತು, ಮಧ್ಯಾಹ್ನ ಏನಾಯಿತು ಅಂತ ಕೇಳುವವರಿರಲಿಲ್ಲ. ಷೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಇದಕ್ಕೆ ಕಡಿವಾಣ ಹಾಕಿತು. 'ಪೀಕ್ ಮಾರ್ಜಿನ್' ಅಂತ ಒಂದು ನಿಯಮ ತಂದು 2020ರ ಡಿಸೆಂಬರ್‌ನಿಂದ ಮೆಲ್ಲಗೆ ಬಿಗಿ ಮಾಡುತ್ತಾ ಬಂತು. ಮೊದಲು ಬೇಕಾದ ಮಾರ್ಜಿನ್‌ನ 25 ಪರ್ಸೆಂಟ್ ಇದ್ದರೆ ಆಯಿತು, 2021ರ ಮಾರ್ಚ್‌ನಿಂದ 50, ಜೂನ್‌ನಿಂದ 75, ಸೆಪ್ಟೆಂಬರ್‌ನಿಂದ ಪೂರ್ತಿ 100. ಈಗ ದಿನದಲ್ಲಿ ಕನಿಷ್ಠ ನಾಲ್ಕು ಸಲ, ಯಾವಾಗ ಅಂತ ಮೊದಲೇ ಹೇಳದೆ, ಯಾರ ಖಾತೆಯಲ್ಲಿ ಎಷ್ಟು ಮಾರ್ಜಿನ್ ಇದೆ ಅಂತ ನೋಡುತ್ತಾರೆ. ಷೇರುಗಳಿಗೆ ಕನಿಷ್ಠ 20 ಪರ್ಸೆಂಟ್ ಕಟ್ಟಲೇಬೇಕು, ಅಲ್ಲಿಗೆ ಗರಿಷ್ಠ 5 ಪಟ್ಟು. ಜಾಸ್ತಿ ಏರಿಳಿಯುವ ಷೇರಿಗೆ 40 ಪರ್ಸೆಂಟ್ ಕೇಳಬಹುದು, ಕೆಲವಕ್ಕೆ ಪೂರ್ತಿ ದುಡ್ಡೇ ಕೇಳಬಹುದು. ಕೊಂಡದ್ದನ್ನು ಖಾತೆಗೆ ತೆಗೆದುಕೊಳ್ಳಲೇಬೇಕಾದ ಟ್ರೇಡ್ ಟು ಟ್ರೇಡ್ ಗುಂಪಿನಲ್ಲಿರುವ ಷೇರುಗಳಲ್ಲಿ ಇಂಟ್ರಾಡೇ ಮಾಡಲಿಕ್ಕೇ ಆಗುವುದಿಲ್ಲ.

ಇಷ್ಟಿರುವಾಗ ಯಾರಾದರೂ ಫೋನ್ ಮಾಡಿ "ನಾವು ಷೇರಿಗೆ 50 ಪಟ್ಟು ಕೊಡ್ತೀವಿ, 500 ಪಟ್ಟು ಕೊಡ್ತೀವಿ" ಅಂದರೆ ಅದು ಎಕ್ಸ್‌ಚೇಂಜ್‌ಗೆ (ಎನ್‌ಎಸ್‌ಇ, ಬಿಎಸ್‌ಇಯಂಥ ಅಧಿಕೃತ ಷೇರು ಪೇಟೆಗೆ) ಹೋಗದ ವ್ಯವಹಾರ. ಅದಕ್ಕೆ ಡಬ್ಬಾ ಟ್ರೇಡಿಂಗ್ ಅನ್ನುತ್ತಾರೆ, ಕಾನೂನಿಗೆ ವಿರುದ್ಧ. ಇಲ್ಲವೇ ಅದು ಪೂರಾ ನಕಲಿ ಆ್ಯಪ್. ಪರದೆ ಮೇಲೆ ಲಾಭ ಬೆಳೀತಾ ಹೋಗುತ್ತದೆ, ದುಡ್ಡು ತೆಗೆಯಲು ಹೋದಾಗ "ಮೊದಲು ಟ್ಯಾಕ್ಸ್ ಕಟ್ಟಿ" ಅನ್ನುತ್ತಾರೆ. ಅಂಥದ್ದಕ್ಕೆ ದುಡ್ಡು ಹಾಕಿಬಿಟ್ಟಿದ್ದರೆ ನಾಳೆ ನೋಡೋಣ ಅನ್ನದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಈಗ ಹತ್ತು ಸಾವಿರದ ಲೆಕ್ಕಕ್ಕೆ ಬರೋಣ. ನಿಜವಾದ ವಿಷಯ ಇರುವುದು ಇಲ್ಲೇ.

500 ರೂಪಾಯಿಯ ಷೇರು. ನಿಮ್ಮ ಹತ್ತಿರ 10,000. ಐದು ಪಟ್ಟು ಪೂರ್ತಿ ಬಳಸಿ 100 ಷೇರು ಕೊಂಡಿರಿ, 50,000 ರೂಪಾಯಿಯ ಮಾಲು. ಕೆಲವು ಡಿಸ್ಕೌಂಟ್ ಬ್ರೋಕರ್‌ಗಳ (ಕಡಿಮೆ ದರದ ಬ್ರೋಕರ್‌ಗಳ) ದರ ಹೀಗಿರುತ್ತದೆ: ಆರ್ಡರಿಗೆ 20 ರೂಪಾಯಿ ಅಥವಾ 0.03 ಪರ್ಸೆಂಟ್, ಯಾವುದು ಕಡಿಮೆಯೋ ಅದು. ಇಲ್ಲಿ ಕೊಳ್ಳುವಾಗ 15, ಮಾರುವಾಗ 15, ಒಟ್ಟು 30. ಮಾರುವ ಕಡೆ ಎಸ್‌ಟಿಟಿ (ಷೇರು ವ್ಯವಹಾರದ ಮೇಲಿನ ತೆರಿಗೆ) 0.025 ಪರ್ಸೆಂಟ್, ಅಂದರೆ ಹನ್ನೆರಡೂವರೆ ರೂಪಾಯಿ. ಕೊಳ್ಳುವ ಕಡೆ ಸ್ಟಾಂಪ್ ಡ್ಯೂಟಿ ಒಂದೂವರೆ. ಎಕ್ಸ್‌ಚೇಂಜ್ ಶುಲ್ಕ ಎರಡೂ ಕಡೆ ಸೇರಿ ಮೂರು ರೂಪಾಯಿ ಆಸುಪಾಸು. ಬ್ರೋಕರೇಜ್ ಮತ್ತು ಎಕ್ಸ್‌ಚೇಂಜ್ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದೊಂದು ಆರು. ಕೂಡಿಸಿದರೆ ಸುಮಾರು 53 ರೂಪಾಯಿ.

53 ರೂಪಾಯಿ ಏನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಈ ಖರ್ಚು ಬಿದ್ದದ್ದು 50,000ದ ಮೇಲೆ, ಹೋದದ್ದು ನಿಮ್ಮ 10,000ದಿಂದ. ದಿನಕ್ಕೆ ಇಂಥ ನಾಲ್ಕು ಟ್ರೇಡ್ ಮಾಡಿದರೆ 212. ತಿಂಗಳಿಗೆ 20 ದಿನ ಅಂದರೆ 4,240. ನೀವು ಒಂದು ರೂಪಾಯಿ ಗೆಲ್ಲದೆ, ಒಂದು ರೂಪಾಯಿ ಸೋಲದೆ, ಸುಮ್ನೆ ಕೊಂಡು ಅದೇ ಬೆಲೆಗೆ ಮಾರುತ್ತಾ ಕೂತರೂ ತಿಂಗಳಲ್ಲಿ ಬಂಡವಾಳದ ನೂರಕ್ಕೆ 42 ಭಾಗ ಖರ್ಚಿಗೇ ಹೋಯಿತು. ಸಣ್ಣ ಬಂಡವಾಳದವರನ್ನು ಮಾರುಕಟ್ಟೆ ಮುಳುಗಿಸುತ್ತದೆ ಅನ್ನುತ್ತಾರೆ. ನನ್ನ ಪ್ರಕಾರ ಎಷ್ಟೋ ಸಲ ಮಾರುಕಟ್ಟೆ ಏನೂ ಮಾಡಿರುವುದಿಲ್ಲ.

ಸೆಬಿ 2024ರ ಜುಲೈನಲ್ಲಿ ಹೊರತಂದ ಅಧ್ಯಯನವೂ ಇದನ್ನೇ ತೋರಿಸುತ್ತದೆ. 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಹತ್ತು ಮಂದಿಯಲ್ಲಿ ಏಳು ಮಂದಿಗೆ ನಷ್ಟ. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ನಷ್ಟದವರು 80 ಪರ್ಸೆಂಟ್. ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಹೇಳುವುದಿಲ್ಲ: ನಷ್ಟ ಮಾಡಿಕೊಂಡವರು ಆ ನಷ್ಟದ ಮೇಲೆ ಅದರ 57 ಪರ್ಸೆಂಟ್‌ನಷ್ಟು ದುಡ್ಡನ್ನು ಬ್ರೋಕರೇಜ್, ತೆರಿಗೆ ಅಂತ ಖರ್ಚಿಗೇ ಕೊಟ್ಟಿದ್ದಾರೆ. ಅಂದರೆ ಸಾವಿರ ಕಳೆದುಕೊಂಡವರ ಜೇಬಿನಿಂದ ನಿಜಕ್ಕೂ ಹೋದದ್ದು 1,570.

ಇನ್ನು ಬೆಲೆ ಇಳಿದರೆ? 500ರ ಷೇರು 490ಕ್ಕೆ ಬರುವುದು ದೊಡ್ಡ ಸಂಗತಿಯೇ ಅಲ್ಲ, ಬರೀ 2 ಪರ್ಸೆಂಟ್. 100 ಷೇರಿಗೆ ಸಾವಿರ ರೂಪಾಯಿ ಹೋಯಿತು, ಖರ್ಚು ಸೇರಿ 1,053. ಒಂದೇ ಬೆಳಿಗ್ಗೆ ಬಂಡವಾಳದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ. ಹೊಸಬರು ಮಾಡುವ ಮುಂದಿನ ಕೆಲಸ ನಿಮಗೇ ಗೊತ್ತಿರುತ್ತದೆ, ಹೋದದ್ದನ್ನು ಮಧ್ಯಾಹ್ನದೊಳಗೆ ವಾಪಸ್ ತರಲು ಮತ್ತೆ ಐದು ಪಟ್ಟು ಹಾಕುವುದು.

ಹಾಗಾದರೆ ಎಷ್ಟು ಷೇರು ಕೊಳ್ಳಬೇಕು? ಆ್ಯಪ್ ಎಷ್ಟು ಕೊಡುತ್ತದೆ ಅನ್ನುವುದರಿಂದ ಶುರು ಮಾಡಬೇಡಿ. ಈ ಟ್ರೇಡ್ ತಪ್ಪಿದರೆ ಎಷ್ಟು ಹೋದರೂ ಪರವಾಗಿಲ್ಲ ಅನ್ನುವುದರಿಂದ ಶುರು ಮಾಡಿ. ಬಂಡವಾಳದ 1 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ, 100 ರೂಪಾಯಿ. ಷೇರನ್ನು 500ಕ್ಕೆ ಕೊಳ್ಳುತ್ತೀರಿ, 495ಕ್ಕೆ ಇಳಿದರೆ ಆಚೆ ಬರುತ್ತೀರಿ. ಒಂದು ಷೇರಿಗೆ ಐದು ರೂಪಾಯಿ ನಷ್ಟ. ನೂರನ್ನು ಐದರಿಂದ ಭಾಗಿಸಿದರೆ 20 ಷೇರು. 20 ಷೇರಿನ ಬೆಲೆ ಎಷ್ಟು? ಹತ್ತು ಸಾವಿರ. ನಿಮ್ಮ ಹತ್ತಿರ ಇರುವ ದುಡ್ಡೇ ಸರಿಯಾಗಿ ಸಾಕಾಯಿತು ನೋಡಿ, ಐದು ಪಟ್ಟು ಬೇಕಾಗಲೇ ಇಲ್ಲ. ಈ 20 ಷೇರಿಗೆ ಖರ್ಚು 11 ರೂಪಾಯಿ ಆಸುಪಾಸು.

ಆ 495ರ ಬಾಗಿಲಿಗೇ ಸ್ಟಾಪ್ ಲಾಸ್ ಅನ್ನುವುದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಗುವುದಿಲ್ಲ, ಕೊಂಡ ತಕ್ಷಣ ಆರ್ಡರ್ ಆಗಿ ಹಾಕಿರಬೇಕು. ಹಾಕಿದರೂ ಸರಿಯಾಗಿ 495ಕ್ಕೇ ಮಾರಾಟವಾಗುತ್ತದೆ ಅನ್ನುವ ಖಾತ್ರಿ ಇಲ್ಲ, ಬೆಲೆ ಜೋರಾಗಿ ಬೀಳುತ್ತಿದ್ದರೆ 494ಕ್ಕೋ 493ಕ್ಕೋ ಹೋಗಬಹುದು. ದಿನದಲ್ಲಿ ಕಡಿಮೆ ಷೇರು ಕೈ ಬದಲಾಯಿಸುವ ಸಣ್ಣ ಕಂಪನಿಗಳಲ್ಲಿ ಇದು ಜಾಸ್ತಿ. ಶುರುವಿನಲ್ಲಿ ನಿಫ್ಟಿ 50ರ (ಐವತ್ತು ದೊಡ್ಡ ಕಂಪನಿಗಳ ಪಟ್ಟಿ) ಒಳಗಿನ ಷೇರು ಸಾಕು ಅನ್ನುವುದು ಇದಕ್ಕೇ.

ಇನ್ನೂ ಚಿಕ್ಕದಾಗಿ, ಒಂದೇ ಷೇರು ಕೊಂಡು ಮಾರಿ ಕಲಿಯಬಹುದು. ಹೀಗೆ ಕಲಿಯುವವರು ಬ್ರೋಕರ್ ದರವನ್ನು ಮೊದಲು ನೋಡಿ. 0.03 ಪರ್ಸೆಂಟ್ ಅಂದರೆ 500ರ ಷೇರಿಗೆ 15 ಪೈಸೆ. ಆದರೆ ಕೆಲವು ಕಡೆ ಆರ್ಡರಿಗೆ ಇಷ್ಟು ಅಂತ ಕನಿಷ್ಠ ಮೊತ್ತ ಇರುತ್ತದೆ. ನೇರವಾಗಿ 20 ರೂಪಾಯಿಯೇ ಅಂದರೆ ಎರಡು ಕಡೆ ಸೇರಿ ಜಿಎಸ್‌ಟಿಯ ಜೊತೆ 47 ರೂಪಾಯಿ. 500ರ ಷೇರು 547 ದಾಟದೆ ನಿಮಗೆ ಲಾಭವೇ ಇಲ್ಲ!

ಇನ್ನು ಹೊತ್ತಿನ ವಿಷಯ. ಮಾರುಕಟ್ಟೆ ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ. ಇಂಟ್ರಾಡೇಯಲ್ಲಿ ಕೊಂಡದ್ದನ್ನು ನೀವೇ ಮಾರದಿದ್ದರೆ 3:15, 3:20ರ ಸುಮಾರಿಗೆ ಬ್ರೋಕರ್‌ನ ಸಿಸ್ಟಂ ತಾನೇ ಮಾರಿಬಿಡುತ್ತದೆ, ಆಗ ಇರುವ ಬೆಲೆಗೆ. ಇದಕ್ಕೆ ಆಟೋ ಸ್ಕ್ವೇರ್ ಆಫ್ ಅನ್ನುತ್ತಾರೆ. ಈ ಕೆಲಸಕ್ಕೆ ತುಂಬ ಕಡೆ 50 ರೂಪಾಯಿ ಮತ್ತು ಜಿಎಸ್‌ಟಿ ಬೇರೆ. ನರಸಾಪುರದ ಫ್ಯಾಕ್ಟರಿಗಳಲ್ಲಿ ಜನರಲ್ ಶಿಫ್ಟ್ ಮಾಡುವ ಹುಡುಗರು ಈ ಬಗ್ಗೆ ತುಂಬ ಕೇಳುತ್ತಾರೆ. ಬಸ್ಸಿನಲ್ಲಿ ಕೂತು ಆರ್ಡರ್ ಹಾಕಿ, ಗೇಟಿನಲ್ಲಿ ಫೋನ್ ಲಾಕರಿಗೆ ಇಟ್ಟು, ಊಟದ ಹೊತ್ತಿಗೆ ನೋಡಿದರೆ ಆಗಲ್ವಾ ಅಂತ. ಆಗಲ್ಲ. ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿ ಚಾರ್ಟ್ ನೋಡುವುದೂ ಬೇಡ. ಅಂಥವರಿಗೆ ಪೂರ್ತಿ ದುಡ್ಡು ಕೊಟ್ಟು ಕೊಂಡು ಕೆಲವು ದಿನ, ಕೆಲವು ವಾರ ಇಟ್ಟುಕೊಳ್ಳುವ ಡೆಲಿವರಿಯೇ ವಾಸಿ, ಎಸ್‌ಟಿಟಿ ಅಲ್ಲಿ ಎರಡೂ ಕಡೆ 0.1 ಪರ್ಸೆಂಟ್ ಬಿದ್ದರೂ ಸಹ. ಮನೆಯಲ್ಲೇ ಕೂತು ಮಾಡುವವರೂ ಬ್ರೋಕರ್‌ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕರೆಂಟ್ ಹೋಗಿ ವೈಫೈ ನಿಂತು, ಅದೇ ಹೊತ್ತಿಗೆ ಮೊಬೈಲ್ ಡೇಟಾ ಕೈಕೊಟ್ಟಾಗ, ಫೋನಿನಲ್ಲೇ ಹೇಳಿ ಮಾರಿಸಬಹುದು.

ಆರ್ಡರ್ ಹಾಕುವಾಗ ಇನ್ನೊಂದು ಗುಂಡಿ ಕಾಣುತ್ತದೆ, ಎಂಟಿಎಫ್. ಅದನ್ನು ಇಂಟ್ರಾಡೇ ಮಾರ್ಜಿನ್ ಅಂದುಕೊಂಡು ಒತ್ತಬೇಡಿ. ಅದು ಬ್ರೋಕರ್ ಕೊಡುವ ಸಾಲ, ಇಟ್ಟುಕೊಂಡಷ್ಟು ದಿನ ಬಡ್ಡಿ ಓಡುತ್ತದೆ. ಇಂಟ್ರಾಡೇ ಮಾರ್ಜಿನ್‌ಗೆ ಬಡ್ಡಿ ಇಲ್ಲ.

ಮೊದಲು ಮಾರಿ ಆಮೇಲೆ ಕೊಳ್ಳುವುದೂ ಇದೇ ಮಾರ್ಜಿನ್‌ನಲ್ಲಿ ನಡೆಯುತ್ತದೆ, ಶಾರ್ಟ್ ಅನ್ನುತ್ತಾರೆ. ಬೆಲೆ ಬೀಳುತ್ತದೆ ಅಂತ ನಂಬಿ ನಿಮ್ಮ ಹತ್ತಿರ ಇಲ್ಲದ ಷೇರು ಮಾರುತ್ತೀರಿ, ಸಂಜೆಯೊಳಗೆ ಕೊಂಡು ಸರಿ ಮಾಡುತ್ತೀರಿ. ಆ ಷೇರು ಅಪ್ಪರ್ ಸರ್ಕ್ಯೂಟ್‌ಗೆ, ಅಂದರೆ ಆ ದಿನ ಏರಬಹುದಾದ ಗರಿಷ್ಠ ಬೆಲೆಗೆ, ಹೋಗಿ ನಿಂತರೆ ಮಾರುವವರೇ ಇರುವುದಿಲ್ಲ, ನೀವು ಕೊಳ್ಳುವುದು ಹೇಗೆ? ಆಗ ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಂಡು ಆ ಬೆಲೆಯನ್ನು ನಿಮ್ಮ ತಲೆಗೆ ಕಟ್ಟುತ್ತದೆ. ನಿಮ್ಮ ಹತ್ತಿರ ಇದ್ದದ್ದು ಹತ್ತು ಸಾವಿರ ಅಂತ ಹರಾಜಿಗೆ ಗೊತ್ತಿಲ್ಲ. ಹೊಸಬರು ಇದಕ್ಕೆ ಕೈ ಹಾಕದಿದ್ದರೆ ಒಳ್ಳೆಯದು.

ಯೂಟ್ಯೂಬಿನ ಅಮೆರಿಕದ ವಿಡಿಯೋಗಳಲ್ಲಿ ಡೇ ಟ್ರೇಡಿಂಗ್‌ಗೆ 25,000 ಡಾಲರ್ ಬೇಕು ಅನ್ನುವ ಮಾತು ಬರುತ್ತದೆ. ಅದು ಅಲ್ಲಿ ಬಹಳ ಕಾಲ ಇದ್ದ ನಿಯಮದ ಮಾತು, ನಮ್ಮಲ್ಲಿ ಅಂಥ ಕನಿಷ್ಠ ಮೊತ್ತ ಇಲ್ಲ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸಾವಿರ ರೂಪಾಯಿಗೂ ಶುರು ಮಾಡಬಹುದು. ಆದರೆ ದುಡ್ಡು ಕಡಿಮೆ ಇದೆ ಅಂತ ಆಪ್ಷನ್ (ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಕರಾರು) ಕಡೆ ಹೋಗುವವರು ಜಾಸ್ತಿ, ಕೆಲವು ಸಾವಿರಕ್ಕೆ ಒಂದು ಲಾಟ್ (ಒಂದು ಕಟ್ಟು) ಸಿಗುತ್ತೆ ಅಂತ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ನಷ್ಟ ಮಾಡಿಕೊಂಡಿದ್ದಾರೆ. ಇದೂ ಸೆಬಿಯ ಲೆಕ್ಕವೇ.

ತೆರಿಗೆ ಬಗ್ಗೆ ಎರಡು ಮಾತು. ಷೇರಿನ ಇಂಟ್ರಾಡೇ ಲಾಭವನ್ನು ಆದಾಯ ತೆರಿಗೆಯವರು ಸಟ್ಟಾ ವ್ಯಾಪಾರದ ಆದಾಯ ಅಂತ ನೋಡುತ್ತಾರೆ. ಸಂಬಳದವರಾದರೂ ಸಾಮಾನ್ಯ ರಿಟರ್ನ್ ಫಾರಂ ನಡೆಯುವುದಿಲ್ಲ, ವ್ಯಾಪಾರದವರ ಫಾರಂ ತುಂಬಬೇಕು. ನಷ್ಟವಾದರೆ ಅದನ್ನು ಸಂಬಳದಲ್ಲೋ ಅಂಗಡಿಯ ಲಾಭದಲ್ಲೋ ಕಳೆಯಲು ಬರುವುದಿಲ್ಲ, ಇನ್ನೊಂದು ಇಂಟ್ರಾಡೇ ಲಾಭದಲ್ಲೇ ಕಳೆಯಬೇಕು. ಅದಕ್ಕೆ ನಾಲ್ಕು ವರ್ಷ ಅವಕಾಶ ಇದೆ, ಆದರೆ ನಷ್ಟವಾದ ವರ್ಷದ ರಿಟರ್ನ್ ಗಡುವಿನೊಳಗೆ ಹಾಕಿರಬೇಕು. ಟ್ರೇಡ್ ಮಾಡಿದ ದಿನ ಬ್ರೋಕರ್ ಕಡೆಯಿಂದ ನಿಮ್ಮ ಮೇಲ್‌ಗೆ ಕಾಂಟ್ರಾಕ್ಟ್ ನೋಟ್ (ವ್ಯವಹಾರದ ಬಿಲ್ಲು) ಬರುತ್ತದೆ, ಅದನ್ನು ಅಳಿಸಬೇಡಿ. ಪಾಸ್‌ವರ್ಡ್ ಸಾಮಾನ್ಯವಾಗಿ ನಿಮ್ಮ ಪ್ಯಾನ್ ನಂಬರ್. ಮೇಲೆ ಹೇಳಿದ 53 ರೂಪಾಯಿ ಯಾವ್ಯಾವುದಕ್ಕೆ ಹೋಯಿತು ಅಂತ ಪೈಸೆ ಪೈಸೆ ಸಮೇತ ಅದರಲ್ಲಿ ಬರೆದಿರುತ್ತದೆ.